12345654321: ಈ ಹಾರದೊಳಗೆ ಏನೇನಿದೆ?

ಹೇಮಾವತಿ ದಂಡೆ, ಹಾಸನ

ಎಲ್ಲರಿಗೂ ನಮಸ್ಕಾರ. ನಾವು ಹಾಸನದಲ್ಲಿ ಸಣ್ಣ ದಿನಸಿ ಅಂಗಡಿ ಇಟ್ಟುಕೊಂಡಿದ್ದೇವೆ. ಮಗಳು ಎಂಟನೇ ಕ್ಲಾಸು. ನಿನ್ನೆ ಸಂಜೆ ಮಳೆಗೆ ಕರೆಂಟು ಹೋಗಿತ್ತು. ಗಿರಾಕಿಗಳೂ ಇರಲಿಲ್ಲ. ಅವಳು ಗಲ್ಲಾಪೆಟ್ಟಿಗೆ ಹತ್ತಿರ ಕೂತು ಸುಮ್ನೆ ಕ್ಯಾಲ್ಕುಲೇಟರ್ ಒತ್ತುತ್ತಿದ್ದಳು. 11ನ್ನು 11ರಿಂದ ಗುಣಿಸಿದರೆ 121. 111ನ್ನು 111ರಿಂದ ಗುಣಿಸಿದರೆ 12321. ಹೀಗೆ ಒಂದೊಂದೇ ಒಂದು ಸೇರಿಸುತ್ತಾ ಹೋದಳು. 111111ನ್ನು ಅದರಿಂದಲೇ ಗುಣಿಸಿದಾಗ 12345654321 ಬಂತು.

ನಮ್ಮದು ಹನ್ನೆರಡು ಅಂಕಿ ತೋರಿಸುವ ಕ್ಯಾಲ್ಕುಲೇಟರ್. ಏಳು ಒಂದುಗಳಿಗೆ ಹೋದಾಗ ಎರರ್ ತೋರಿಸಿ ನಿಂತುಬಿಟ್ಟಿತು. ಹಾಗಾಗಿ ಅವಳಿಗೆ ಸಿಕ್ಕ ಕೊನೆಯ ದೊಡ್ಡ ಸಂಖ್ಯೆ ಇದೇ. ಅಂಗಡಿ ಲೆಕ್ಕದಲ್ಲಿ ಓದಿದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು.

"ಅಮ್ಮ, ಯಾಕೆ ಹೀಗೆ ಬರುತ್ತೆ? ಎಲ್ಲಿವರೆಗೆ ಹೀಗೇ ಹೋಗುತ್ತೆ?" ಅಂತ ಕೇಳಿದಳು. ನನಗೆ ಹೇಳಲು ಬರಲಿಲ್ಲ. ರಾತ್ರಿ ಮಲಗುವಾಗಲೂ ಅದೇ ಮಾತು. ಗೊತ್ತಿದ್ದವರು ಅವಳಿಗೆ ಅರ್ಥವಾಗುವ ಹಾಗೆ ಹೇಳಿಕೊಡಿ. ಇಲ್ಲಿ ಬರೆದಿದ್ದನ್ನು ಅವಳೇ ಓದುತ್ತಾಳೆ.

ಬೇಲೂರು ಮೇಷ್ಟ್ರು

ಮಗೂ, ನಿನ್ನ ಪ್ರಶ್ನೆ ನೋಡಿ ಬಹಳ ಖುಷಿಯಾಯಿತು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು. ಕ್ಯಾಲ್ಕುಲೇಟರ್ ಪಕ್ಕಕ್ಕಿಡು. ನೋಟ್‌ಬುಕ್ಕಿನ ಚೌಕದ ಹಾಳೆ ತಗೋ.

ಮೊದಲು ಚಿಕ್ಕದು ನೋಡೋಣ. 111ನ್ನು 111ರಿಂದ ಕೈಯಲ್ಲಿ ಗುಣಿಸು. ಮೂರು ಸಾಲು ಬರುತ್ತವೆ, ಮೂರೂ 111. ಆದರೆ ಪ್ರತಿ ಸಾಲೂ ಒಂದೊಂದು ಮನೆ ಎಡಕ್ಕೆ ಜರುಗಿರುತ್ತದೆ. ಈಗ ಮೇಲಿಂದ ಕೆಳಕ್ಕೆ ಕೂಡು. ಬಲಗಡೆ ಕೊನೆಯ ಮನೆಯಲ್ಲಿ ಒಂದೇ ಒಂದು ಇದೆ. ಅದರ ಪಕ್ಕ ಎರಡು. ನಡುವೆ ಮೂರು. ಆಮೇಲೆ ಎರಡು, ಒಂದು. 12321 ಬಂತು, ಅಲ್ವಾ?

ಆರು ಒಂದುಗಳಿಗೂ ಇದೇ ಕತೆ. ಆರು ಸಾಲು, ಮೆಟ್ಟಿಲಿನ ಹಾಗೆ ಜರುಗಿರುತ್ತವೆ. ನಡುವಿನ ಮನೆಗೆ ಮಾತ್ರ ಆರೂ ಸಾಲಿನ ಒಂದು ಬೀಳುತ್ತದೆ. ಎರಡೂ ಕಡೆಗೆ ಹೋದ ಹಾಗೆ ಒಂದೊಂದು ಕಡಿಮೆ. ನೀನು ನೋಡಿದ ಸಂಖ್ಯೆ ಅಂದರೆ ಯಾವ ಮನೆಯಲ್ಲಿ ಎಷ್ಟು ಒಂದುಗಳಿವೆ ಅನ್ನುವ ಎಣಿಕೆ, ಅಷ್ಟೇ.

ಎಲ್ಲಿವರೆಗೆ ಹೋಗುತ್ತದೆ ಅಂತ ಕೇಳಿದೆ. ಕೂಡುವಾಗ ಕೈಲಿ ಏನೂ ಉಳಿಯದಿರುವ ತನಕ. ಒಂಬತ್ತು ಒಂದುಗಳ ತನಕ ನಡುವಿನ ಮನೆಯಲ್ಲಿ 9 ಬರುತ್ತದೆ, ತೊಂದರೆ ಇಲ್ಲ: 12345678987654321. ಹತ್ತು ಒಂದುಗಳಿಗೆ ಹೋದರೆ ನಡುವೆ 10 ಬರುತ್ತದೆ. ಕೈಲಿ ಒಂದು ಉಳಿದು ಎಡಗಡೆಗೆ ಹೋಗುತ್ತದೆ. ಆಗ 1234567900987654321 ಆಗುತ್ತದೆ. ಎಡಗಡೆ 8 ಮಾಯವಾಗಿದೆ ನೋಡು. ಹಾರದ ಒಂದು ಮಣಿ ಉದುರಿದ ಹಾಗೆ.

ಕಡೂರು ಜಂಕ್ಷನ್

ಮೇಷ್ಟ್ರು ಹೇಳಿದ್ದನ್ನು ಓದುವಾಗ ನನಗೆ ಇನ್ನೊಂದು ನೆನಪಾಯಿತು. ಕನ್ನಡದಲ್ಲಿ ಹಿಂದಿನಿಂದ ಓದಿದರೂ ಒಂದೇ ಆಗುವ ಮಾತುಗಳಿವೆ. ಮೊದಲ ಅಕ್ಷರಕ್ಕೆ 1, ಎರಡನೆಯದಕ್ಕೆ 2 ಅಂತ ಅಂಕಿ ಕೊಡುತ್ತಾ ಹೋಗಿ. ಅದೇ ಅಕ್ಷರ ಮತ್ತೆ ಬಂದರೆ ಅದೇ ಅಂಕಿ.

ಕನಕ ಅಂದರೆ 121. ಅದು 11ರ ವರ್ಗ. ನವಜೀವನ ಅಂದರೆ 12321. ಅದು 111ರ ವರ್ಗ. ನಾವೆಲ್ಲ ಚಿಕ್ಕವರಿದ್ದಾಗ ಹೇಳುತ್ತಿದ್ದ "ಕುಬೇರನಿಗೇನಿರಬೇಕು" ಬರೆದು ನೋಡಿ. ಕು, ಬೇ, ರ, ನಿ, ಗೇ, ನಿ, ರ, ಬೇ, ಕು. 123454321. ಅದು 11111ರ ವರ್ಗ!

ನಿಮ್ಮ ಮಗಳ ಸಂಖ್ಯೆಗೆ ಹನ್ನೊಂದು ಅಕ್ಷರದ ಮಾತು ಬೇಕು, ನಡುವಿನ ಅಕ್ಷರ ಆರನೆಯದು. ಯಾರಾದರೂ ಕಟ್ಟಿದರೆ ಇಲ್ಲಿ ಹಾಕಿ. ನಾನೂ ಪ್ರಯತ್ನ ಮಾಡುತ್ತಿದ್ದೇನೆ.

ವಿಂಧ್ಯಗಿರಿ ಮೆಟ್ಟಿಲು, ಶ್ರವಣಬೆಳಗೊಳ

ಮೇಷ್ಟ್ರು ಹಾರ ಅಂದರಲ್ಲ, ಆ ಮಾತು ಸುಮ್ನೆ ಬಂದಿದ್ದಲ್ಲ ಅಂದುಕೊಂಡಿದ್ದೇನೆ. ಇದೇ 12345654321 ನಮ್ಮ ನಾಡಿನ ಹಳೆಯ ಗಣಿತದ ಪುಸ್ತಕದಲ್ಲಿದೆ.

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞರು 'ಗಣಿತಸಾರಸಂಗ್ರಹ' ಬರೆದರು. ನಮ್ಮ ಬೆಟ್ಟದ ಮೇಲಿನ ಗೊಮ್ಮಟನಿಗಿಂತ ನೂರಕ್ಕೂ ಹೆಚ್ಚು ವರ್ಷ ಹಿಂದಿನ ಮಾತು. ಪುಸ್ತಕ ಸಂಸ್ಕೃತದಲ್ಲಿದೆ. ಹೊಂಬುಜದಿಂದ ಕನ್ನಡ ಅನುವಾದದ ಜೊತೆಗೂ ಬಂದಿದೆ. ಅದರಲ್ಲಿ ಈ ಸಂಖ್ಯೆಯನ್ನು ಒಂದರಿಂದ ಶುರುವಾಗಿ ಆರರವರೆಗೆ ಏರಿ, ಆಮೇಲೆ ಅದೇ ಕ್ರಮದಲ್ಲಿ ಇಳಿಯುವ ಸಂಖ್ಯೆ ಎಂದು ವಿವರಿಸಿದ್ದಾರೆ. ಅಂಕಿಯನ್ನೇ ಬರೆಯದೆ ಅಂಕಿಯ ಆಕಾರ ಹೇಳಿದ್ದು ನನಗೆ ತುಂಬಾ ಇಷ್ಟವಾದ ವಿಷಯ.

ಗುಣಾಕಾರದ ಭಾಗದಲ್ಲಿ ಎರಡೂ ಕಡೆಯಿಂದ ಒಂದೇ ಥರ ಕಾಣುವ ಉತ್ತರಗಳ ಲೆಕ್ಕಗಳಿವೆ. ಅವರು ಕೆಲವನ್ನು ಕೊರಳ ಹಾರಕ್ಕೆ ಹೋಲಿಸುತ್ತಾರೆ. 12345679ನ್ನು 9ರಿಂದ ಗುಣಿಸಿದರೆ 111111111. 152207ನ್ನು 73ರಿಂದ ಗುಣಿಸಿದರೆ 11111111. 14287143ನ್ನು 7ರಿಂದ ಗುಣಿಸಿದರೆ 100010001. 333333666667ನ್ನು 33ರಿಂದ ಗುಣಿಸಿದರೆ 11000011000011. ಕೊನೆಯದನ್ನು ಕೈಯಲ್ಲಿ ಮಾಡಿ ನೋಡಿ. ಉತ್ತರ ಬರುವಾಗ ನಿಜಕ್ಕೂ ಮಣಿ ಪೋಣಿಸಿದ ಹಾಗೆ ಇರುತ್ತದೆ.

ಬೇಲೂರಿನ ಮದನಿಕೆಯರ ಕೊರಳು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನಡುವೆ ದೊಡ್ಡ ಪದಕ, ಎರಡೂ ಕಡೆ ಒಂದೇ ಅಳತೆಯಲ್ಲಿ ಸಣ್ಣದಾಗುವ ಮಣಿಗಳು.

ಇನ್ನೊಂದು ಮಾತು. ಈಗ ನಾವು ಕೋಟಿ ದಾಟಿದರೆ ತಡವರಿಸುತ್ತೇವೆ. ಮಹಾವೀರಾಚಾರ್ಯರು 24 ಸ್ಥಾನಗಳಿಗೂ ಹೆಸರು ಕೊಟ್ಟಿದ್ದಾರೆ. ಕೊನೆಯದು ಮಹಾಕ್ಷೋಭ. ನಿಮ್ಮ ಹನ್ನೊಂದು ಅಂಕಿ ಅವರಿಗೆ ದೊಡ್ಡದೇ ಅಲ್ಲ! ಆಮೇಲೆ 12ನೇ ಶತಮಾನದಲ್ಲಿ, ಹೊಯ್ಸಳರ ಕಾಲದಲ್ಲಿ, ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ. ಮಕ್ಕಳಿಗೆ ಈ ಹೆಸರುಗಳು ಗೊತ್ತಿರಬೇಕು.

ಹೊಸ ಗಾಡಿ, ಹೊಳೆನರಸೀಪುರ

ಅಂಕಿಗಳನ್ನೆಲ್ಲ ಕೂಡಿದರೆ 36, ಅದನ್ನು ಕೂಡಿದರೆ 9. ಗಾಡಿ ನಂಬರಿಗೆ 9 ಒಳ್ಳೆಯದು ಅಂತಾರೆ. ಈ ಸಂಖ್ಯೆಗೂ ಹಾಗೇನಾದರೂ ಇದೆಯಾ?

ಬೇಲೂರು ಮೇಷ್ಟ್ರು

ಅಪ್ಪಾ, 36 ಬರುವುದಕ್ಕೆ ಕಾರಣ ಸರಳವಾಗಿದೆ. ಆರು ಸಾಲು, ಸಾಲಿಗೆ ಆರು ಒಂದು. ಒಟ್ಟು 36 ಒಂದುಗಳು. ಅವನ್ನೇ ಬೇರೆ ಬೇರೆ ಮನೆಗೆ ಹಂಚಿದ್ದೇವೆ. ಐದು ಒಂದುಗಳಾದರೆ 25 ಬರುತ್ತದೆ, ಏಳಾದರೆ 49. ಗಾಡಿಯನ್ನು ಕಾಯುವುದು ಬ್ರೇಕು ಮತ್ತು ಹೆಲ್ಮೆಟ್ಟು. ಸಂಖ್ಯೆಯಿಂದ ಅದನ್ನು ಕೇಳಬೇಡಿ. ಆದರೆ ಅಂಕಿಗಳ ಮೊತ್ತ 36 ಅಂದಾಗ ಒಂದು ವಿಷಯ ಖಂಡಿತ ತಿಳಿಯುತ್ತದೆ: ಈ ಸಂಖ್ಯೆ 9ರಿಂದ ಪೂರ್ತಿ ಭಾಗವಾಗುತ್ತದೆ.

ಕ್ಯೂರಿಂಗ್ ಲೆಕ್ಕ, ಚಿಕ್ಕಮಗಳೂರು

ಮೇಷ್ಟ್ರೇ, ನೀವು 9 ಅಂದಿದ್ದಕ್ಕೆ ನಾನು ಮುಂದುವರಿಸುತ್ತೇನೆ. ನನ್ನದು ಕಾಫಿ ಕ್ಯೂರಿಂಗ್‌ನಲ್ಲಿ ಲೆಕ್ಕ ಬರೆಯುವ ಕೆಲಸ. ಊಟದ ಹೊತ್ತಿನಲ್ಲಿ ಇದನ್ನು ಒಡೆಯುತ್ತಾ ಕೂತೆ.

ದೊಡ್ಡ ಸಂಖ್ಯೆ ಬಂದರೆ ಬಲಗಡೆಯಿಂದ ಮೂರು ಮೂರು ಅಂಕಿಗಳ ಕಟ್ಟು ಮಾಡಿ. 12, 345, 654, 321. ಈಗ ಒಂದನ್ನು ಕೂಡಿ, ಪಕ್ಕದ್ದನ್ನು ಕಳೆಯಿರಿ. 321ರಲ್ಲಿ 654 ಕಳೆದು, 345 ಕೂಡಿಸಿ, 12 ಕಳೆದರೆ? ಸರಿಯಾಗಿ ಸೊನ್ನೆ! ಸೊನ್ನೆ ಬಂದರೆ ಆ ಸಂಖ್ಯೆ 1001ರಿಂದ ಭಾಗವಾಗುತ್ತದೆ. ಯಾಕೆಂದರೆ 1000 ಅನ್ನುವುದು 1001ಕ್ಕೆ ಒಂದು ಕಡಿಮೆ. ಹಾಗಾಗಿ ಪ್ರತಿ ಮೂರು ಮನೆಗೆ ಚಿಹ್ನೆ ತಿರುಗುತ್ತದೆ. 1001 ಅಂದರೆ 7, 11, 13ರ ಗುಣಲಬ್ಧ. ಒಂದೇ ಏಟಿಗೆ ಮೂರು ಅಪವರ್ತನ ಸಿಕ್ಕವು.

ಈಗ ಅದೇ ಕಟ್ಟುಗಳನ್ನು ಬರೀ ಕೂಡಿ. 12, 345, 654, 321 ಸೇರಿ 1332. ಅದು 36 ಸಲ 37. 1000ನ್ನು 37ರಿಂದ ಭಾಗಿಸಿದರೆ ಶೇಷ 1, ಹಾಗಾಗಿ ನಮ್ಮ ಸಂಖ್ಯೆ 37ರಿಂದಲೂ ಭಾಗವಾಗುತ್ತದೆ.

ಪೂರ್ತಿ ಒಡೆದರೆ 111111 ಅಂದರೆ 3 × 7 × 11 × 13 × 37. ನಮ್ಮ ಸಂಖ್ಯೆ ಅದರ ವರ್ಗ. ಹಾಗಾಗಿ ಈ ಐದು ಅವಿಭಾಜ್ಯಗಳೂ ಎರಡೆರಡು ಸಲ ಬರುತ್ತವೆ. ಐದೂ ಸಣ್ಣವು, ಮನೆ ಮಕ್ಕಳ ಥರ. ಇಷ್ಟು ದೊಡ್ಡ ಸಂಖ್ಯೆಯೊಳಗೆ 37ಕ್ಕಿಂತ ದೊಡ್ಡ ಅವಿಭಾಜ್ಯವೇ ಇಲ್ಲ ಅನ್ನುವುದು ನನಗೆ ಆಶ್ಚರ್ಯ.

ಮೂಡಿಗೆರೆ ಮಳೆ

ಒಂದು ಅನುಮಾನ. ಒಂದುಗಳಿಂದಾದ ಸಂಖ್ಯೆಗಳೆಲ್ಲ ಹೀಗೇ ಪುಡಿಯಾಗುತ್ತವಾ? ಕಡೂರಿನವರ ಕುಬೇರ ಸಂಖ್ಯೆಯನ್ನೂ ಒಡೆದು ತೋರಿಸಿ.

ಕ್ಯೂರಿಂಗ್ ಲೆಕ್ಕ, ಚಿಕ್ಕಮಗಳೂರು

ಇಲ್ಲ, ಅಲ್ಲೇ ಇರುವುದು ಮಜಾ. ಐದು ಒಂದುಗಳು, 11111 ಅಂದರೆ 41 × 271. ಅಷ್ಟೇ. ಏಳು ಒಂದುಗಳು, 1111111 ಅಂದರೆ 239 × 4649. ಎರಡೂ ಎರಡೇ ಹೋಳಾಗುತ್ತವೆ. ನಡುವಿನ ಆರು ಮಾತ್ರ ಐದು ಹೋಳು.

ಕಾರಣ 6ರಲ್ಲೇ ಇದೆ. ಆರು ಒಂದುಗಳನ್ನು ಎರಡೆರಡಾಗಿ ಕಟ್ಟಬಹುದು: 11, 11, 11. ಹಾಗಾಗಿ 11 ಒಳಗಿದೆ. ಮೂರು ಮೂರಾಗಿಯೂ ಕಟ್ಟಬಹುದು: 111, 111. ಹಾಗಾಗಿ 111 ಒಳಗಿದೆ, ಅಂದರೆ 3 ಮತ್ತು 37. ಐದು ಒಂದುಗಳನ್ನು, ಏಳು ಒಂದುಗಳನ್ನು ಹಾಗೆ ಸಮನಾಗಿ ಕಟ್ಟಲು ಬರುವುದಿಲ್ಲ. ಮಿಕ್ಕ 7 ಮತ್ತು 13 ಬರುವುದು 1ನ್ನು ಭಾಗಿಸುವುದರಿಂದ. 1ನ್ನು 7ರಿಂದ ಭಾಗಿಸಿದರೆ 142857 ಅನ್ನುವ ಆರು ಅಂಕಿ ಮತ್ತೆ ಮತ್ತೆ ಬರುತ್ತದೆ. 13ರಿಂದ ಭಾಗಿಸಿದರೂ ಆರು ಅಂಕಿಗೊಂದು ಸುತ್ತು, 076923. ಆರು ಮನೆಯ ಸುತ್ತು ಇರುವ ಇಂಥ ಸಂಖ್ಯೆಗಳು ಆರು ಒಂಬತ್ತುಗಳೊಳಗೆ, ಹಾಗೇ ಆರು ಒಂದುಗಳೊಳಗೆ ಬಂದು ಕೂರುತ್ತವೆ.

ಅಳತೆ ಸರಪಳಿ, ಅರಕಲಗೂಡು

ನಾನು ಸರ್ವೆ ಕೆಲಸ ಮಾಡಿದವನು. ಸಂಖ್ಯೆ ಕಂಡರೆ ಮೂಲೆಮಟ್ಟ ನೆನಪಾಗುತ್ತದೆ. ಹೊಲದಲ್ಲಿ ಲಂಬಕೋನ ಹಾಕಲು 3, 4, 5 ಹಿಡಿಯುತ್ತೇವೆ, ಎಲ್ಲರಿಗೂ ಗೊತ್ತು. 111111 ಉದ್ದದ ವಿಕರ್ಣ ಇರುವ ಲಂಬಕೋನ ತ್ರಿಭುಜ ಇದೆಯಾ ಅಂತ ಹುಡುಕಿದೆ. ಅಂದರೆ ನಿಮ್ಮ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯುವುದು.

ಮಕ್ಕಳೇ, ಇದನ್ನು ನೋಡಿ. 36036ರ ವರ್ಗಕ್ಕೆ 105105ರ ವರ್ಗ ಕೂಡಿಸಿ. ಸರಿಯಾಗಿ 12345654321! ಹೇಗೆ ಬಂತು? 36, 105, 111 ಒಂದು ಲಂಬಕೋನ ತ್ರಿಭುಜ. 1296ಕ್ಕೆ 11025 ಕೂಡಿದರೆ 12321. ಮೂರನ್ನೂ 1001ರಿಂದ ಗುಣಿಸಿದೆ, ಅಷ್ಟೇ. 1001ರಿಂದ ಗುಣಿಸಿದರೆ ಮೂರಂಕಿ ಎರಡು ಸಲ ಬರುತ್ತದಲ್ಲ, ಹಾಗಾಗಿ ಉತ್ತರ ಇಷ್ಟು ಚೆಂದ.

ಇಂಥವು ಇನ್ನೂ ಮೂರು ಇವೆ: 7161 ಮತ್ತು 110880, 42735 ಮತ್ತು 102564, 73689 ಮತ್ತು 83160. ಒಟ್ಟು ನಾಲ್ಕೇ. ಐದನೆಯದು ಸಿಗುವುದಿಲ್ಲ. ಐದು ಅವಿಭಾಜ್ಯಗಳಲ್ಲಿ 13 ಮತ್ತು 37 ಮಾತ್ರ 4ರಿಂದ ಭಾಗಿಸಿದಾಗ ಶೇಷ 1 ಕೊಡುತ್ತವೆ. ಇಂಥ ತ್ರಿಭುಜ ಹುಟ್ಟುವುದು ಅವುಗಳಿಂದಲೇ. 13 ಅಂದರೆ 4ಕ್ಕೆ 9 ಕೂಡಿದ್ದು, 37 ಅಂದರೆ 1ಕ್ಕೆ 36 ಕೂಡಿದ್ದು. 3, 7, 11 ಶೇಷ 3ರವು. ಅವು ತ್ರಿಭುಜವನ್ನು ದೊಡ್ಡದು ಮಾಡುತ್ತವೆ, ಹೊಸದನ್ನು ಕೊಡುವುದಿಲ್ಲ. 7161ರದ್ದು ನನಗೆ ವಿಶೇಷ ಅನಿಸಿತು. ಉದ್ದ ಲಕ್ಷ ದಾಟಿದೆ, ಅಗಲ ಏಳು ಸಾವಿರ. ರಸ್ತೆ ಪಕ್ಕದ ಪಟ್ಟೆ ಜಮೀನಿನ ಹಾಗೆ.

ಹೇಮಾವತಿ ದಂಡೆ, ಹಾಸನ

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಇವತ್ತು ಶಾಲೆಯಿಂದ ಬಂದ ಕೂಡಲೇ ಬ್ಯಾಗ್ ಬಿಸಾಕಿ ಇದನ್ನೇ ಓದಿದಳು. ಚೌಕದ ಹಾಳೆಯಲ್ಲಿ ಆರು ಸಾಲು ಬರೆದು ಗೋಡೆಗೆ ಅಂಟಿಸಿದ್ದಾಳೆ. ಈಗ ಅವಳ ಹೊಸ ಪ್ರಶ್ನೆ: ಈ ಸಂಖ್ಯೆಯನ್ನು ಪೂರ್ತಿ ಭಾಗಿಸುವ ಸಂಖ್ಯೆಗಳು ಒಟ್ಟು ಎಷ್ಟು? ಅವಳು ಬರೆಯುತ್ತಾ ಹೋಗಿ ನಲವತ್ತು ದಾಟಿದ ಮೇಲೆ ತಪ್ಪಿಹೋಯಿತು.

ಬೇಲೂರು ಮೇಷ್ಟ್ರು

ಬರೆಯುವುದು ಬೇಡ ಮಗೂ, ಎಣಿಸಬಹುದು. ಐದು ಡಬ್ಬ ಇಟ್ಟುಕೋ: 3, 7, 11, 13, 37. ಪ್ರತಿ ಡಬ್ಬದಿಂದ ಏನೂ ತೆಗೆಯದಿರಬಹುದು, ಒಂದು ತೆಗೆಯಬಹುದು, ಎರಡು ತೆಗೆಯಬಹುದು. ಡಬ್ಬಕ್ಕೆ ಮೂರು ದಾರಿ. ಐದು ಡಬ್ಬಕ್ಕೆ 3ನ್ನು ಐದು ಸಲ ಗುಣಿಸು. 243.

ಕುಬೇರ ಸಂಖ್ಯೆಗೆ ಎರಡೇ ಡಬ್ಬ, ಹಾಗಾಗಿ 9 ಭಾಜಕ ಮಾತ್ರ. ಎಲ್ಲಿ 9, ಎಲ್ಲಿ 243!

ಇನ್ನೂ ಒಂದು ಇದೆ. ಆ 243 ಭಾಜಕಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಬರೆದೆ ಅಂದುಕೋ. ಮೊದಲನೆಯದನ್ನು ಕೊನೆಯದರಿಂದ ಗುಣಿಸಿದರೆ ನಮ್ಮ ಸಂಖ್ಯೆ. ಎರಡನೆಯದನ್ನು ಕೊನೆಯಿಂದ ಎರಡನೆಯದರಿಂದ ಗುಣಿಸಿದರೂ ಅದೇ. ಹೀಗೆ 121 ಜೋಡಿ. ನಡುವೆ ಜೋಡಿ ಇಲ್ಲದೆ ಒಂದು ಉಳಿಯುತ್ತದೆ. ಅದು 111111. ಈ ಸಾಲೂ ಒಂದು ಹಾರ, ಪದಕ ನಡುವೆ.

ಮೂಡಿಗೆರೆ ಮಳೆ

ಭಾಜಕಗಳನ್ನೆಲ್ಲ ಕೂಡಿದರೆ? 6ಕ್ಕೆ 1, 2, 3 ಕೂಡಿದರೆ 6 ಬರುತ್ತದೆ, ಅದನ್ನು ಪರಿಪೂರ್ಣ ಸಂಖ್ಯೆ ಅಂತಾರೆ ಅಂತ ಓದಿದ್ದೆ. 12ಕ್ಕೆ 16 ಬಂದು ಜಾಸ್ತಿಯಾಗುತ್ತದೆ. ಆದರೆ ಬೆಸ ಸಂಖ್ಯೆಗಳಲ್ಲಿ 2 ಇಲ್ಲವಲ್ಲ, ಮೊತ್ತ ಯಾವಾಗಲೂ ಕಡಿಮೆಯೇ ಇರುತ್ತದೆ. ಹಾಗಾಗಿ ಇದರಲ್ಲೂ ಕಡಿಮೆ ಬರುತ್ತದೆ.

ಕ್ಯೂರಿಂಗ್ ಲೆಕ್ಕ, ಚಿಕ್ಕಮಗಳೂರು

ಮೂಡಿಗೆರೆ ಅಣ್ಣ, ನಾನೂ ಹಾಗೇ ಅಂದುಕೊಂಡಿದ್ದೆ. ಲೆಕ್ಕ ಹಾಕಿದ ಮೇಲೆ ಎದ್ದು ಕೂತೆ.

243 ಭಾಜಕಗಳನ್ನು ಒಂದೊಂದಾಗಿ ಕೂಡಬೇಕಿಲ್ಲ. ಡಬ್ಬಗಳ ಮೊತ್ತವನ್ನು ಗುಣಿಸಿದರೆ ಸಾಕು. 3ರ ಡಬ್ಬಕ್ಕೆ 1, 3, 9 ಸೇರಿ 13. 7ರದ್ದಕ್ಕೆ 1, 7, 49 ಸೇರಿ 57. 11ರದ್ದಕ್ಕೆ 133. 13ರದ್ದಕ್ಕೆ 183. 37ರದ್ದಕ್ಕೆ 1407. ಐದನ್ನೂ ಗುಣಿಸಿದರೆ ಪ್ರತಿ ಭಾಜಕವೂ ಒಂದೊಂದು ಸಲ ಬಂದು ಮೊತ್ತ ಸಿಗುತ್ತದೆ: 25375524993. ಇದರಲ್ಲಿ ಸಂಖ್ಯೆಯನ್ನೇ ಕಳೆದರೆ 13029870672 ಉಳಿಯುತ್ತದೆ. ಅದು 12345654321ಕ್ಕಿಂತ ಜಾಸ್ತಿ! 68 ಕೋಟಿಗೂ ಹೆಚ್ಚು ಜಾಸ್ತಿ.

ಬೆಸ ಸಂಖ್ಯೆಗಳಲ್ಲೂ ಹೀಗಾಗುತ್ತದೆ, ಆದರೆ ಅಪರೂಪ. ಎಲ್ಲಕ್ಕಿಂತ ಸಣ್ಣದು 945. ಅದರ ಕೆಳಗೆ ಒಂದೂ ಇಲ್ಲ. ಹಾಗಾಗಿ ಸಣ್ಣ ಸಂಖ್ಯೆಗಳನ್ನು ನೋಡಿ ನಾವಿಬ್ಬರೂ ಮೋಸಹೋದೆವು.

ಇಲ್ಲಿ ಇನ್ನೊಂದು ವಿಚಿತ್ರ ಕಂಡೆ. ನಮ್ಮ ಕೆಲಸದಲ್ಲಿ ಪ್ರತಿ ಹಂತದಲ್ಲೂ ಔಟ್‌ಟರ್ನ್ ನೋಡುವ ಅಭ್ಯಾಸ, ಎಷ್ಟು ಚೀಲ ಬಂತು, ಎಷ್ಟು ಶುದ್ಧ ಕಾಫಿ ಸಿಕ್ಕಿತು ಅಂತ. ಹಾಗೇ ಇಲ್ಲೂ ಡಬ್ಬ ಸೇರಿಸಿದಾಗಲೆಲ್ಲ ಮೊತ್ತವನ್ನು ಸಂಖ್ಯೆಯಿಂದ ಭಾಗಿಸುತ್ತಾ ಬಂದೆ. 3ರ ಡಬ್ಬ ಮಾತ್ರ ಇದ್ದಾಗ 1.44. 7 ಸೇರಿದಾಗ 1.68. 11 ಸೇರಿದಾಗ 1.85. 13 ಸೇರಿದಾಗ 1.9999! ಪರಿಪೂರ್ಣ ಸಂಖ್ಯೆಗೆ ಬೇಕಾದದ್ದು ಸರಿಯಾಗಿ 2. 37 ಸೇರಿಸುವ ಮೊದಲು ನಾವು ಬಾಗಿಲ ಹತ್ತಿರವೇ ನಿಂತಿದ್ದೆವು. ಆ ಸಂಖ್ಯೆ 9018009, ಅಂದರೆ 3003ರ ವರ್ಗ. ಅದರ ಎರಡರಷ್ಟು 18036018. ಭಾಜಕಗಳ ಮೊತ್ತ 18035199. ಕೊರತೆ ಬರೀ 819.

ಮೇಷ್ಟ್ರೇ, ಇದು ಆಕಸ್ಮಿಕವಾ?

ಕಡೂರು ಜಂಕ್ಷನ್

3003 ಅಂದ ಕೂಡಲೇ ನಾನೂ ಒಂದು ಸೇರಿಸುತ್ತೇನೆ. 15 ಜನರಲ್ಲಿ 5 ಜನರನ್ನು ಆರಿಸುವ ದಾರಿಗಳು 3003. 14 ಜನರಲ್ಲಿ 6 ಜನರನ್ನು ಆರಿಸುವ ದಾರಿಗಳೂ 3003. 78 ಜನರಲ್ಲಿ ಇಬ್ಬರನ್ನು ಆರಿಸುವ ದಾರಿಗಳೂ 3003. 3003 ಜನರಲ್ಲಿ ಒಬ್ಬರನ್ನು ಆರಿಸುವುದೂ ಸೇರಿ ನಾಲ್ಕು. ಮೇರು ಪ್ರಸ್ತಾರದಲ್ಲಿ, ಅಂದರೆ ಇಂಥ ಆಯ್ಕೆಗಳ ಎಣಿಕೆಯನ್ನು ತ್ರಿಕೋನವಾಗಿ ಜೋಡಿಸಿದ ಪಟ್ಟಿಯಲ್ಲಿ, ಎಡಕ್ಕೆ ಬಂದದ್ದು ಬಲಕ್ಕೂ ಬರುತ್ತದೆ. ಹಾಗಾಗಿ ಈ ಸಂಖ್ಯೆ ಎಂಟು ಕಡೆ ಕೂತಿದೆ. ಎಷ್ಟರಲ್ಲಿ ಎಷ್ಟು ಆರಿಸಬಹುದು ಅನ್ನುವುದಕ್ಕೆ ಸಾಮಾನ್ಯ ಸೂತ್ರ ಕೊಟ್ಟವರೂ ಅದೇ ಮಹಾವೀರಾಚಾರ್ಯರು.

ಬೇಲೂರು ಮೇಷ್ಟ್ರು

ಚಿಕ್ಕಮಗಳೂರಿನವರೇ, ನೀವು ನಿಂತ ಬಾಗಿಲಲ್ಲಿ 1638ರಲ್ಲಿ ಫ್ರಾನ್ಸಿನ ರೆನೆ ದೆಕಾರ್ತ್ ನಿಂತಿದ್ದ. ನಕ್ಷೆ ಹಾಳೆಯಲ್ಲಿ ಬಿಂದು ಗುರುತಿಸಲು ನಾವು ಬಳಸುವ ಪದ್ಧತಿಗೆ ಅವನದೇ ಹೆಸರು. ಅವನು ಇನ್ನೊಬ್ಬ ಫ್ರೆಂಚ್ ಗಣಿತಜ್ಞ ಮೆರ್ಸೆನ್‌ಗೆ ಬರೆದ ಪತ್ರದಲ್ಲಿ ಇದೇ 9018009 ಇದೆ. ನಿಮ್ಮ 819 ಅವನ ದಾರಿಯ ಕೀಲಿ. ನಿಧಾನವಾಗಿ ಹೇಳುತ್ತೇನೆ.

9018009ನ್ನು ಇನ್ನೊಂದು ಹೊಸ ಅವಿಭಾಜ್ಯದಿಂದ ಗುಣಿಸೋಣ. ಸಂಖ್ಯೆ ಆ ಅವಿಭಾಜ್ಯದಷ್ಟು ಪಟ್ಟು ಹೆಚ್ಚುತ್ತದೆ. ಭಾಜಕಗಳ ಮೊತ್ತ ಅದಕ್ಕಿಂತ ಒಂದು ಪಟ್ಟು ಜಾಸ್ತಿ ಹೆಚ್ಚುತ್ತದೆ. ಆ ಒಂದು ಪಟ್ಟು ಅಂದರೆ 18035199. ಅದು ಕೊರತೆಯನ್ನು ತುಂಬಬೇಕು. ಕೊರತೆ ಒಂದು ಪಟ್ಟಿಗೆ 819. ಹಾಗಾದರೆ ಎಷ್ಟು ಪಟ್ಟು ಮಾಡಿದರೆ ಸರಿಹೋಗುತ್ತದೆ? 18035199ನ್ನು 819ರಿಂದ ಭಾಗಿಸಿ. 22021. ಶೇಷ ಸೊನ್ನೆ! 37ರ ವರ್ಗ ಯಾಕೆ ಮಿತಿ ದಾಟಿತು ಅಂತಲೂ ಇದರಿಂದ ತಿಳಿಯುತ್ತದೆ. ಅಷ್ಟು ಸಣ್ಣ ಕೊರತೆಗೆ 37 ತೀರಾ ಭಾರ. ಬೇಕಾದದ್ದು 22021ರಂಥ ಹಗುರವಾದದ್ದು.

ಹಾಗಾಗಿ 9018009ನ್ನು 22021ರಿಂದ ಗುಣಿಸಿದರೆ 198585576189. 22021 ಅವಿಭಾಜ್ಯ ಆಗಿದ್ದರೆ ಇದು ಬೆಸ ಪರಿಪೂರ್ಣ ಸಂಖ್ಯೆ. ಬೆಸ ಪರಿಪೂರ್ಣ ಸಂಖ್ಯೆ ಇವತ್ತಿನವರೆಗೂ ಒಂದೂ ಸಿಕ್ಕಿಲ್ಲ. ಇಲ್ಲವೇ ಇಲ್ಲ ಅಂತಲೂ ಯಾರೂ ಸಾಧಿಸಿಲ್ಲ. ಇದ್ದರೆ ಅದು 10ರ 1500ನೇ ಘಾತಕ್ಕಿಂತ ದೊಡ್ಡದಿರಬೇಕು ಅಂತ 2012ರಲ್ಲಿ ತೋರಿಸಿದ್ದಾರೆ. ಅಂದರೆ ಸಾವಿರದ ಐನೂರಕ್ಕೂ ಹೆಚ್ಚು ಅಂಕಿ.

ಮಗೂ, ಇದೊಂದು ನಿನಗೆ ಬಿಟ್ಟಿದ್ದೇನೆ. 22021 ಅವಿಭಾಜ್ಯವಾ ಅಂತ ಕೈಯಲ್ಲಿ ನೋಡು. ಭಾಗಿಸುತ್ತಾ 148ರವರೆಗೆ ಹೋದರೆ ಸಾಕು, ಅದರ ಮುಂದೆ ಬೇಕಿಲ್ಲ. ಯಾರೂ ಉತ್ತರ ಹೇಳಬೇಡಿ.

ಹೇಮಾವತಿ ದಂಡೆ, ಹಾಸನ

ಅವಳು ಹೇಳಿದ್ದನ್ನು ನಾನು ಟೈಪ್ ಮಾಡುತ್ತಿದ್ದೇನೆ. 2, 3, 5 ಬೇಗ ಆಯಿತು, ಆಗಲಿಲ್ಲ. 7ರಿಂದ ಭಾಗಿಸಿದರೆ ಶೇಷ 6. 11ರಿಂದ ಶೇಷ 10. 13ರಿಂದ ಶೇಷ 12. 17ರಿಂದ ಶೇಷ 6. 19ರಿಂದ ಶೇಷ ಸೊನ್ನೆ! 19 × 1159 ಬಂತು. 1159 ಮತ್ತೆ 19 × 61. ಹಾಗಾಗಿ 22021 ಅವಿಭಾಜ್ಯ ಅಲ್ಲ. ಅವಳಿಗೆ ಮೊದಲು ಬೇಜಾರಾಯಿತು. "ಇಷ್ಟು ಹತ್ತಿರ ಬಂದಿದ್ದೆವಲ್ಲ ಅಮ್ಮ" ಅಂದಳು.

ಆಮೇಲೆ ಶೇಷಗಳನ್ನು ನೋಡುತ್ತಾ ಕೂತಳು. 7, 11, 13ಕ್ಕೆ 6, 10, 12. ಮೂರಕ್ಕೂ ಒಂದು ಕಡಿಮೆ. ಒಂದು ಕೂಡಿಸಿದರೆ 22022. ಅದು 22 × 1001! ನಿನ್ನೆ ಮೂರು ಮೂರು ಅಂಕಿಯ ಕಟ್ಟಿನಲ್ಲಿ ಬಂದ 1001 ಇಲ್ಲಿ ಹೇಗೆ ಬಂತು ಅಂತ ಕೇಳುತ್ತಿದ್ದಾಳೆ.

ಕ್ಯೂರಿಂಗ್ ಲೆಕ್ಕ, ಚಿಕ್ಕಮಗಳೂರು

ಪುಟ್ಟಿ, ನಿನ್ನ ಕಣ್ಣಿಗೆ ಕಂಡಿದ್ದು ನನಗೆ ಕಂಡಿರಲಿಲ್ಲ. ಮೇಷ್ಟ್ರ ಲೆಕ್ಕದಲ್ಲಿ ಎರಡು ಕಡೆ ಸಮ ಆಗಬೇಕಿತ್ತು. ಒಂದು ಕಡೆ ಮೊತ್ತ 18035199ಕ್ಕೆ 22022. ಇನ್ನೊಂದು ಕಡೆ 9018009ರ ಎರಡರಷ್ಟಕ್ಕೆ 22021. ಎರಡನೇ ಕಡೆಯಲ್ಲಿ 7, 11, 13 ಎರಡೆರಡು ಸಲ ಇವೆ. 18035199ರಲ್ಲಿ 7 ಮತ್ತು 13 ಒಂದೊಂದೇ ಸಲ ಇವೆ, 11 ಇಲ್ಲವೇ ಇಲ್ಲ. ಆ ಕಡೆ ಬಾಕಿ ಇದ್ದದ್ದನ್ನೆಲ್ಲ 22022 ತರಬೇಕಾಯಿತು: ಒಂದು 7, ಒಂದು 13, ಎರಡು 11, ಒಂದು 2. ಗುಣಿಸಿ ನೋಡು, ಸರಿಯಾಗಿ 22022.

ಇದನ್ನು ಬರೆಯುವಾಗ ನನ್ನ ಹಳೇ ಹಾಳೆ ತೆಗೆದು ನೋಡಿದೆ. 13, 57, 133, 183 ಅಂತ ನಾನೇ ಬರೆದಿದ್ದೆ. 57 ಅಂದರೆ 3 × 19. 133 ಅಂದರೆ 7 × 19. 183 ಅಂದರೆ 3 × 61. ನೀನು ಎಂಟು ಸಲ ಭಾಗಿಸಿ ಹುಡುಕಿದ ಎರಡು 19 ಮತ್ತು ಒಂದು 61 ನಿನ್ನೆಯೇ ಅಲ್ಲಿದ್ದವು. ಮಿಕ್ಕ 13, 7, ಎರಡು 3 ಗುಣಿಸಿದರೆ 819. ಕೊರತೆಯೂ ಅದರೊಳಗೇ ಇತ್ತು, 22021 ಕೂಡ ಅದರೊಳಗೇ ಇತ್ತು.